ಮದುಮಗಳ ಕಬ್ಬಿಣ

ತಿಪ್ಪೇಶ್ ಚಾಕುವನ್ನು ಒರಳುಕಲ್ಲಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡ. ಕಾವ್ಯ ಅದನ್ನು ಅಲ್ಲಿಂದ ಎತ್ತಿಕೊಂಡಳು. ಚಾಕು, ಕತ್ತರಿ, ಕುಡುಗೋಲು ಯಾವುದನ್ನೂ ಅವರ ಮನೆಯಲ್ಲಿ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಹತ್ತುತ್ತದೆ. ಈಗಿರುವ ಜಗಳವೇ ಸಾಲದೇ ಎನ್ನುವಂತಿತ್ತು ದಾಕ್ಷಾಯಿಣಿಯ ಮುಖ.

"ಅಕ್ಕ, ಹಂಗೆ ನೋಡಬೇಡ. ನಿನ್ನ ಮಗಳಿಗೆ ನಾನೇನು ಬೀಡಿ ಸೇದದು ಕಲಿಸ್ತಿಲ್ಲ."

"ಬೀಡಿ ಆಗಿದ್ರೆ ಬಿಡಿಸಬೋದಿತ್ತು ಕಣೋ."

"ಹಂಗಾದ್ರೆ ಆ ವಿನೋದನಿಗೆ ನೀನೇ ಬುದ್ಧಿ ಹೇಳಿ ಬಾ ಹೋಗು."

ದಾಕ್ಷಾಯಿಣಿ ಪಾತ್ರೆ ತಿಕ್ಕುತ್ತಿದ್ದ ತೆಂಗಿನ ನಾರನ್ನು ಬೋಗುಣಿಗೆ ಬಡಿದಳು.

ಗಂಡ ಗಂಗಾಧರಪ್ಪ ಲಾರಿಗೆ ಸಿಕ್ಕಿ ಸತ್ತ ಮೇಲೆ ಅವಳು ಮತ್ತೋಡಿನ ಮನೆ ಬಿಟ್ಟು ಶ್ರೀರಾಂಪುರದಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಹೊಸದುರ್ಗದ ರಸ್ತೆಯಲ್ಲಿ ದಾಳಿಂಬೆ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಕೆಲಸ. ಕಾವ್ಯ ಸೆಕೆಂಡ್ ಪಿಯುಸಿ. ಹದಿನೆಂಟು ತುಂಬಿಲ್ಲ. ತುಂಬುವುದರೊಳಗೆ ಅವಳ ಮದುವೆ ಮುಗಿಸಿಬಿಡಬೇಕೆಂದು ಗಂಗಾಧರಪ್ಪನ ಅಣ್ಣ ಕಲ್ಲೇಶ್ ಹಟಕ್ಕೆ ಬಿದ್ದಿದ್ದ. ಹುಡುಗ ಅವನ ಹೆಂಡತಿಯ ತಮ್ಮ ವಿನೋದ್. ರಾಮಗಿರಿಯವನು, ಬೋರ್‌ವೆಲ್ ಲಾರಿ ಇಟ್ಟುಕೊಂಡವನು, ಮೂವತ್ತು ದಾಟಿದವನು. ಹುಡುಗಿ ಹೊರಗೆ ಹೋದರೆ ಅವಳ ಅಪ್ಪನ ಪಾಲಿನ ತೆಂಗಿನ ತೋಟವೂ ಹೊರಗೆ ಹೋಗುತ್ತದೆ ಎಂಬುದು ಕಲ್ಲೇಶನ ಲೆಕ್ಕ. ಬಾಯಲ್ಲಿ ಮಾತ್ರ ಬೇರೆಯದು ಹೇಳುತ್ತಿದ್ದ.

"ನಮ್ಮ ಮನೆ ಹುಡುಗಿ ನಮ್ಮಲ್ಲೇ ಉಳೀಲಿ ಅಂತ ಹೇಳಿದ್ರೆ ತಪ್ಪೇನಮ್ಮ?" ಎಂದು ಶೆಡ್ಡಿಗೇ ಬಂದು ನಿಂತಿದ್ದ, ಎಲ್ಲರೆದುರು.

"ಪರೀಕ್ಷೆ ಮುಗೀಲಿ, ಹದಿನೆಂಟು ತುಂಬ್ಲಿ. ಆಮೇಲೆ ಅವಳಿಗೆ ಯಾರು ಬೇಕೋ ಅವಳೇ ಹೇಳ್ತಾಳೆ ಭಾವ."

"ಅವಳು ಹೇಳದಾ? ಓಹೋ. ನಿನ್ನ ತಮ್ಮ ತಿಪ್ಪೇಶಿ ವಾರಕ್ಕೊಂದ್ಸಲ ಬಂದೋಗದು ನಮಗೇನು ಕಾಣಲ್ವಾ? ಸೋದರಮಾವ. ತಾನೇ ಕಟ್ಕಳಾಕೆ ಇಟ್ಕಂಡವನೇನು?"

ದಾಳಿಂಬೆ ಒರೆಸುತ್ತಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿ ನಕ್ಕಿದ್ದರು. ದಾಕ್ಷಾಯಿಣಿ ಕೈಯಲ್ಲಿದ್ದ ಹಣ್ಣನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ಸಿಪ್ಪೆ ಬಿರಿದು ರಸ ಮುಂಗೈಗೆ ಇಳಿದಿತ್ತು.

ಅದಾದ ಮೇಲೆ ವಿನೋದನ ಬೈಕು ಶ್ರೀರಾಂಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಣಿಸತೊಡಗಿತು. ಮೊದಮೊದಲು ಕಾವ್ಯಳ ಹಿಂದೆ ಬಂದ. ಆಮೇಲೆ ಪಕ್ಕದಲ್ಲಿ ಬಂದ. ಒಂದು ದಿನ ಕಾವ್ಯಳ ಬ್ಯಾಗಿನ ಪಟ್ಟಿ ಹಿಡಿದು ಎಳೆದು, "ಹೆಂಗಿದ್ರೂ ನಮ್ಮನೆಗೇ ಬರೋ ಬ್ಯಾಗು, ಬಿಡು ನಾನೇ ಹೊರ್ತೀನಿ" ಅಂದ. ಅಂಗಡಿ ಮುಂದೆ ಕುಳಿತವರು ನೋಡುತ್ತಲೇ ಇದ್ದರು. ಗುರುತಿನ ಜನವೇ. ಸಂಬಂಧದೊಳಗಿನ ವಿಷಯ ಎಂದು ಒಬ್ಬರೂ ಏಳಲಿಲ್ಲ.

ಹಾಗಾಗಿ ತಿಪ್ಪೇಶ್ ಈ ಚಾಕು ತಂದಿದ್ದ. ಅವನು ಗುಡ್ಡದ ಮೇಲಿನ ಗಾಳಿಯಂತ್ರಗಳ ಸಾಮಾನಿಗೆ ಕಾವಲಿದ್ದವನು. ಚಿತ್ರದುರ್ಗದಲ್ಲಿ ಸೆಕ್ಯೂರಿಟಿ ಕಂಪನಿಯವರು ಕೊಟ್ಟ ತರಬೇತಿಯ ಬಗ್ಗೆ ಸಿಕ್ಕವರಿಗೆಲ್ಲ ಹೇಳಿಕೊಂಡಿದ್ದ. ಅಂಗೈಯಷ್ಟುದ್ದದ ಮಡಚುವ ಚಾಕು, ಕರಿ ಹಿಡಿ, ಸೊಂಟಕ್ಕೆ ಸಿಗಿಸಲು ಒಂದು ಕ್ಲಿಪ್ಪು. ಅಲಗಿನ ಬುಡದಲ್ಲಿ ಮೊಳೆಯ ತಲೆಯಷ್ಟು ಎದ್ದ ಗುಂಡಿ.

"ನೋಡು, ಇಲ್ಲೊಂದು ಗೀರು ಐತಲ್ಲ, ಇದಕ್ಕೆ ಉಗುರು ಸಿಗಿಸಿ ಎಳೆದ್ರೆ ಬಿಚ್ಕಂತತೆ. ಅದು ಎರಡು ಕೈ ಕೆಲಸ. ಕೂತ್ಕಂಡು ಮಾವಿನಕಾಯಿ ಹೆಚ್ಚೋರಿಗೆ ಸರಿ. ನಿನ್ನ ಒಂದು ಕೈ ಅವನ ಹಿಡಿತದಾಗೆ ಐತೆ ಅನ್ಕೊ. ಆಗೇನ್ ಮಾಡ್ತೀಯ?"

"ಕಚ್ತೀನಿ."

"ಕಚ್ಚು. ಆಮೇಲೆ?"

ಕಾವ್ಯ ನಕ್ಕಳು. ಅವನು ನಗಲಿಲ್ಲ.

"ಹೆಬ್ಬೆಟ್ಟು ಈ ಗುಂಡಿ ಮೇಲೆ. ಮೇಲಕ್ಕಲ್ಲ, ಹೊರಗಡೆಗೆ ತಳ್ಳು. ಕೈ ಜಾಡಿಸಬೇಡ, ಸಿನಿಮಾದೋರು ಜಾಡಿಸ್ತಾರೆ. ಜಾಡಿಸಿದ್ರೆ ಚಾಕು ಒಂದು ಕಡೆ, ನೀನೊಂದು ಕಡೆ. ಟಕ್ ಅನ್ನೋವರೆಗೂ ತಳ್ಳು. ಟಕ್ ಅಂದ್ರೆ ಲಾಕ್ ಬಿತ್ತು ಅಂತ. ಟಕ್ ಅನ್ನದೇ ಹಿಡಿದ್ಯೋ, ಮಡಚಿಕಂಡು ನಿನ್ನ ಬೆರಳೇ ತಿಂತತೆ."

ಮೊದಲ ದಿನವೇ ತಿಂದಿತು. ಬೆರಳ ತುದಿಯ ರಕ್ತ ಒರಳುಕಲ್ಲಿನ ಮೇಲೆ ಬಿತ್ತು. ದಾಕ್ಷಾಯಿಣಿ ಅರಿಶಿನದ ಡಬ್ಬಿ ತಂದು ಗಾಯಕ್ಕೆ ಒತ್ತಿ, "ಸಾಕು, ಎತ್ಕಂಡು ಹೋಗಲೇ ನಿನ್ನ ಆಯುಧಾನ" ಎಂದು ತಮ್ಮನಿಗೆ ಬೈದಳು. "ಚಾಕು ಇಟ್ಕಂಡೋರಿಗೆ ಚಾಕುವೇ ಕೆಲಸ ಹುಡುಕಿ ಕೊಡ್ತತೆ" ಅಂತಲೂ ಸೇರಿಸಿದಳು.

"ಇಲ್ದಿದ್ರೆ ವಿನೋದ ಹುಡುಕಿ ಕೊಡ್ತಾನೆ" ಅಂದಳು ಕಾವ್ಯ. ಆ ಮಾತಿಗೆ ತಾಯಿ ಡಬ್ಬಿಯ ಮುಚ್ಚಳ ಹಾಕಿ ಒಳಗೆ ಹೋದಳು.

ಹಿಡಿಯುವುದನ್ನು ಆಮೇಲೆ ಹೇಳಿಕೊಟ್ಟ. ಕಾವ್ಯ ತರಕಾರಿ ಹೆಚ್ಚುವ ಹಾಗೆ ತೋರುಬೆರಳನ್ನು ಅಲಗಿನ ಬೆನ್ನ ಮೇಲಿಟ್ಟು ಹಿಡಿಯುತ್ತಿದ್ದಳು. ತಿಪ್ಪೇಶ್ ಒಂದು ಕಡ್ಡಿಯಿಂದ ಆ ಬೆರಳ ಮೇಲೆ ಹೊಡೆಯುತ್ತಿದ್ದ. "ಬದನೆಕಾಯಿ ಅಲ್ಲ ಅದು! ಸುತ್ತಿಗೆ ಹಿಡಿಯೋ ಹಂಗೆ ಮುಷ್ಟಿ ಕಟ್ಟು. ಹೆಬ್ಬೆಟ್ಟು ಬೆರಳುಗಳ ಮೇಲೆ ಬೀಗ ಹಾಕ್ದಂಗೆ ಬರ್ಲಿ."

"ಒನಕೆ ಹಿಡಿದಂಗೆ ಅಲಗು ಕೆಳಗೆ ಮಾಡಿ ಹಿಡಿದ್ರೆ?"

"ಅದೂ ಐತೆ. ನಿನಗೆ ಬ್ಯಾಡ. ಅದು ಹೊಡಿಯೋರ ಹಿಡಿತ, ಮೈಮೇಲೆ ಬೀಳಬೇಕು. ನೀನು ಮೈಮೇಲೆ ಬೀಳಾಕೆ ಹೋಗ್ತಿಲ್ಲ, ಅಲ್ಲಿಂದ ಹೊರಗೆ ಬರಾಕೆ ಹೋಗ್ತಿದೀಯ. ಮೊಣಕೈ ಪಕ್ಕೆಗೆ ಅಂಟಿರ್ಲಿ. ಚಾಚಿದ ಕೈ ಅಂದ್ರೆ ತಗಳಪ್ಪ ಅಂತ ಕೊಟ್ಟಂಗೆ, ಕಸ್ಕಂತಾರೆ. ಬೆನ್ನಿಗೆ ಗೋಡೆ. ಕಣ್ಣು ಬಾಗಿಲ ಕಡೆ. ಅವನ ಕಡೆ ಅಲ್ಲ, ಬಾಗಿಲ ಕಡೆ."

"ಅಮ್ಮಾ, ನೀನೂ ಬಾರೇ."

"ನಾನು ಮುಟ್ಟಲ್ಲ ಅದನ್ನ."

ಮುಟ್ಟಲಿಲ್ಲ. ಆದರೆ ದಿನಾ ಸಂಜೆ ರೊಟ್ಟಿ ತಟ್ಟುವಾಗ ಹಿತ್ತಲಿನಿಂದ ಟಕ್, ಟಕ್ ಎಂಬ ಸದ್ದು ಕೇಳುತ್ತಿತ್ತು. ಒಂದು ಸಲ ಸದ್ದು ಸರಿಯಾಗಿ ಬರಲಿಲ್ಲ ಎಂದರೆ ಅವಳ ಕೈ ಹಿಟ್ಟಿನ ಮೇಲೆ ನಿಂತುಬಿಡುತ್ತಿತ್ತು. ಮಗಳ ಬೆರಳು ಎಲ್ಲಿರಬೇಕು, ಮೊಣಕೈ ಎಲ್ಲಿರಬೇಕು ಎಂಬುದು ಬೇಡವೆಂದರೂ ಅವಳ ತಲೆಗೆ ಹೊಕ್ಕಿತ್ತು.

ಪರೀಕ್ಷೆಗೆ ಇನ್ನು ಸ್ವಲ್ಪ ದಿನ ಇರುವಾಗ ಕಲ್ಲೇಶ್ ಫೋನು ಮಾಡಿದ. ದನಿ ಮೆತ್ತಗಿತ್ತು.

"ಆದದ್ದು ಆತು ದಾಕ್ಷಾಯಿಣಿ. ಗಂಗಾಧರನ ಹೆಸರಲ್ಲಿ ರಾಮಗಿರಿ ಬೆಟ್ಟದಾಗೆ ರುದ್ರಾಭಿಷೇಕ ಮಾಡಿಸ್ತಿದೀನಿ. ಮಧ್ಯಾಹ್ನ ನಮ್ಮ ಮಾವನ ಮನೇಲಿ ಜಂಗಮರಿಗೆ ಪ್ರಸಾದ. ಹೆಂಡ್ತಿ ಮಗಳು ಬರ್ದಿದ್ರೆ ಸತ್ತೋನ ಆತ್ಮಕ್ಕೆ ಹೆಂಗಾಗಬೇಡ?"

ಸತ್ತ ಗಂಡನ ಹೆಸರು ಹೇಳಿದರೆ ಅವಳು ಇಲ್ಲ ಎನ್ನಲಾರಳೆಂದು ಅವನಿಗೆ ಗೊತ್ತಿತ್ತು. ತಿಪ್ಪೇಶ್ ಆ ದಿನ ಡ್ಯೂಟಿಯ ಮೇಲಿದ್ದ. "ಹೋಗಬೇಡ ಅಕ್ಕ. ಹೋದ್ರೂ ಅದನ್ನ ಬಿಟ್ಟು ಹೋಗಬೇಡ" ಅಂದ.

"ದೇವರ ಕೆಲಸಕ್ಕೆ ಹೋಗ್ತಿರದು. ಚಾಕು ಮನೇಲಿಟ್ಟು ಬಾ ಕಾವ್ಯ" ಅಂದಳು ದಾಕ್ಷಾಯಿಣಿ.

"ಆತಮ್ಮ" ಎಂದು ಕಾವ್ಯ ಒಳಗೆ ಹೋಗಿ ಅದನ್ನು ಚೂಡಿದಾರದ ಸೊಂಟಕ್ಕೆ ಸಿಗಿಸಿಕೊಂಡು ಬಂದಳು.

ಬೆಟ್ಟದ ಮೇಲೆ ಅಭಿಷೇಕ ನಿಜವಾಗಿಯೇ ನಡೆಯಿತು. ಅದರಿಂದಲೇ ದಾಕ್ಷಾಯಿಣಿ ಮೈಮರೆತಳು. ಇಳಿದು ವಿನೋದನ ಮನೆಯ ಬೀದಿಗೆ ತಿರುಗಿದಾಗ ಹಸಿ ತೆಂಗಿನ ಗರಿಯ ಚಪ್ಪರ ಕಾಣಿಸಿತು. ಎರಡು ಕಡೆ ಬಾಳೆಕಂದು. ಅವಳು ನಿಂತುಬಿಟ್ಟಳು.

"ಜಂಗಮರ ಪ್ರಸಾದಕ್ಕೆ ಬಾಳೆಕಂದು ಕಟ್ತಾರೇನ್ರಿ ಭಾವ?"

"ನಾಳೆ ಬೆಳಗಿನ ಮುಹೂರ್ತಕ್ಕೆ ಕಟ್ತಾರೆ" ಅಂದ ಕಲ್ಲೇಶ್. ಮೆತ್ತಗಿನ ದನಿ ಬೆಟ್ಟದ ಮೇಲೆಯೇ ಉಳಿದಿತ್ತು. "ಒಳಗ್ ನಡಿ. ಬೀದಿಯಲ್ಲಿ ರಂಪ ಮಾಡಬೇಡ."

ಹಿಂದೆ ನೋಡಿದರೆ ವಿನೋದನ ಲಾರಿಯ ಹುಡುಗರು ದಾರಿಗೆ ಅಡ್ಡ ನಿಂತಿದ್ದರು. ಕಲ್ಲೇಶನ ಹೆಂಡತಿ ಬಂದು ಕಾವ್ಯಳ ಬ್ಯಾಗನ್ನು ತೋಳಿನಿಂದ ಜಾರಿಸಿಕೊಂಡಳು. ತಾಯಿ ಮಗಳ ಎರಡೂ ಫೋನು, ಬಸ್ಸಿಗೆಂದು ತಂದಿದ್ದ ಆಧಾರ್ ಕಾರ್ಡು ಎಲ್ಲ ಅದರೊಳಗೇ ಇದ್ದವು.

"ಅವಳಿಗಿನ್ನೂ ಹದಿನೆಂಟಾಗಿಲ್ಲ. ಕಂಪ್ಲೇಂಟ್ ಕೊಡ್ತೀನಿ ನಾನು."

"ಕೊಡು. ನಾಳೆ ಮಧ್ಯಾಹ್ನ ಕೊಡು. ಅಷ್ಟೊತ್ತಿಗೆ ತಾಳಿ ಬಿದ್ದಿರ್ತತೆ. ಅಳಿಯನ್ನ ಜೈಲಿಗೆ ಹಾಕ್ಸಿ ಮಗಳನ್ನ ಮನೇಲಿ ಕೂರಿಸ್ಕಂತೀಯಾ? ಕೂರಿಸ್ಕ. ಯಾವೋನು ಬರ್ತಾನೋ ನಾವೂ ನೋಡ್ತೀವಿ."

ಬಾಗಿಲು ಹಾಕಿದರು.

ಒಳಕೋಣೆಯಲ್ಲಿ ಹೆಂಗಸರು ಕಾವ್ಯಳನ್ನು ಸುತ್ತುಗಟ್ಟಿದರು. ಅವಳು ಕೈಕಾಲು ಬಡಿದಳು. ಒಬ್ಬಳಿಗೆ ಕಚ್ಚಿಯೂ ಕಚ್ಚಿದಳು. "ಅಯ್ಯೋ ಇದರ ಹಲ್ಲು ಉದುರಿಹೋಗ, ನಾಯಿ ಜಾತಿ" ಎಂದು ಆಕೆ ಕೈ ಕೊಡವುತ್ತ ದೂರ ಸರಿದಳು. ಇಬ್ಬರು ದಾಕ್ಷಾಯಿಣಿಯ ಭುಜ ಒತ್ತಿ ಗೋಡೆಗೆ ಕೂರಿಸಿದರು. ಹಳದಿ ಸೀರೆ ಉಡಿಸಲು ಚೂಡಿದಾರದ ಟಾಪು ಎಳೆದಾಗ ಸೊಂಟದಿಂದ ಏನೋ ಜಾರಿ ನೆಲಕ್ಕೆ ಬಿತ್ತು.

ಕರಿ ಹಿಡಿ, ಕ್ಲಿಪ್ಪು. ಎಲ್ಲರೂ ನೋಡಿದರು.

ಮುಗಿಯಿತು ಅಂದುಕೊಂಡಳು ದಾಕ್ಷಾಯಿಣಿ.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಮುದುಕಿ ಮರುಳಸಿದ್ದಮ್ಮ ಕುತ್ತಿಗೆ ಚಾಚಿದಳು. ಅವಳು ವಿನೋದನ ಅಜ್ಜಿ, ಆ ಮನೆಗೆ ಹಿರಿಯಳು. "ಏನದು? ಚಾಕಾ?"

"ಹೂಂ ಅಜ್ಜಿ. ಸೊಂಟದಾಗೆ ಇಟ್ಕಂಡಿದ್ಲು, ನೋಡು ಇದರ ಧೈರ್ಯ!" ಎಂದಳು ಕಲ್ಲೇಶನ ಹೆಂಡತಿ.

ಮುದುಕಿ ಕುಟ್ಟಾಣಿ ಕೆಳಗಿಟ್ಟಳು. ಬಾಯಲ್ಲಿದ್ದದ್ದನ್ನು ಒಂದು ಕಡೆ ದವಡೆಗೆ ತಳ್ಳಿ ದಾಕ್ಷಾಯಿಣಿಯ ಕಡೆ ತಿರುಗಿದಳು. "ಬಾಯಲ್ಲಿ ಬ್ಯಾಡ ಬ್ಯಾಡ ಅಂತೀಯ. ಮಗಳ ಸೊಂಟಕ್ಕೆ ಕಬ್ಬಿಣ ಇಟ್ಟು ಕಳಿಸಿದೀಯ. ಭಲೆ ಕಣೆ ನೀನು! ಒಳಗೊಳಗೇ ಒಪ್ಪಿಗೆ ಐತೆ ಅನ್ನು!"

ದಾಕ್ಷಾಯಿಣಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅರಿಶಿನ ಹಚ್ಚಿದ ಮದುಮಗಳ ಹತ್ತಿರ ಒಂದು ಚೂರು ಕಬ್ಬಿಣ ಇರಬೇಕು. ಅಡಕತ್ತರಿಯೋ ಚಾಕುವೋ. ಇಲ್ಲವಾದರೆ ಗಾಳಿ ಸೋಕುತ್ತದೆ, ದೃಷ್ಟಿ ತಾಕುತ್ತದೆ. ಅವಳ ಮದುವೆಯಲ್ಲೂ ಇಟ್ಟಿದ್ದರು. ಅವಳು ಕಣ್ಣು ತಗ್ಗಿಸಿದಳು. ಒಪ್ಪಿಕೊಂಡ ಹಾಗೆ ಕಾಣಲಿ ಎಂದೇ ತಗ್ಗಿಸಿದಳು.

"ಅಜ್ಜಿ, ಇದು ಬಟನ್ ಚಾಕು!"

"ಕಬ್ಬಿಣಕ್ಕೆ ಬಟನ್ ಇದ್ರೇನು, ಬಕ್ಕಲ್ ಇದ್ರೇನು? ಶಾಸ್ತ್ರದ ಕಬ್ಬಿಣ ನೀನು ತಂದಿದೀಯೇನು? ಬೆಳಗಿಂದ ಕೇಳ್ತಿದೀನಿ, ಅಡಕತ್ತರಿ ಎಲ್ಲೈತೆ ಅಂತ ಒಬ್ಬಳಿಗೂ ಗೊತ್ತಿಲ್ಲ. ನನ್ನ ಮದುವೇಲಿ ಮೂರು ದಿನ ಸೊಂಟ ಬಿಟ್ಟಿರ್ಲಿಲ್ಲ ಅಡಕತ್ತರಿ. ಅರಿಶಿನ ಬಿದ್ದ ಮೈ ಕಬ್ಬಿಣ ಇಲ್ದೆ ಹೊಸ್ತಿಲು ದಾಟಂಗಿಲ್ಲ, ತಿಳ್ಕಳ್ರಿ. ಅಲ್ಲಿಡು ಮಣೆ ಮೇಲೆ. ಕೈಗೆ ಕೊಡಬೇಡ, ಶುಭಕಾರ್ಯದ ಮನೇಲಿ ಜಗಳ ಹತ್ತೀತು. ಅವಳೇ ತಗಳ್ಲಿ."

ಕಲ್ಲೇಶನ ಹೆಂಡತಿ ಚಾಕುವನ್ನು ಎರಡು ಬೆರಳಲ್ಲಿ ಎತ್ತಿ ಹಸೆಮಣೆಯ ಮೇಲಿಟ್ಟಳು. ಕಾವ್ಯ ತಾಯಿಯ ಮುಖ ನೋಡಿದಳು. ಬಾಗಿ ಎತ್ತಿಕೊಂಡಳು, ಸೀರೆ ಉಡಿಸಿದಾಗ ನೆರಿಗೆಗೆ ಸಿಗಿಸಿಕೊಂಡಳು. ಆಮೇಲೆ ಕೈಕಾಲು ಬಡಿಯಲಿಲ್ಲ.

"ನೋಡಿದ್ರಾ, ಕಬ್ಬಿಣ ಬಿದ್ದ ಕೂಡ್ಲೆ ತಣ್ಣಗಾದ್ಲು" ಅಂದಳು ಮುದುಕಿ.

ಅರಿಶಿನ ಹಚ್ಚಿದರು. ಕೆನ್ನೆಗೆ, ತೋಳಿಗೆ, ಪಾದಕ್ಕೆ, ಅಂಗೈಗೆ. ಎಣ್ಣೆ ಬೆರೆಸಿದ ಅರಿಶಿನ. ಹಾಡು ಹೇಳುವವರ ದನಿ ಏರಿದ ಮೇಲೆ ದಾಕ್ಷಾಯಿಣಿಯ ಭುಜ ಒತ್ತಿದ್ದ ಕೈಗಳು ಸಡಿಲಾದವು. ಮಣೆಯ ಮೇಲೆ ಕಾವ್ಯ ಬಾಗಿಲು ಎಲ್ಲಿದೆ ಎಂದು ನೋಡುತ್ತಿದ್ದಳು. ಹೆಂಗಸರನ್ನಲ್ಲ, ಬಾಗಿಲನ್ನು. ದಾಕ್ಷಾಯಿಣಿಯೂ ಅದನ್ನೇ ನೋಡಿದಳು. ಒಳಕೋಣೆ ದಾಟಿದರೆ ನಡುಮನೆ, ನಡುಮನೆಯ ಎದುರಿಗೇ ಬೀದಿಬಾಗಿಲು. ಅಗುಳಿ ಹಾಕಿತ್ತು, ಬೀಗ ಇರಲಿಲ್ಲ.

ಗಂಡಿಗೂ ಹೆಣ್ಣಿಗೂ ಜೊತೆಗೆ ಅರಿಶಿನ ಹಚ್ಚಬೇಕೆಂದು ಕಾವ್ಯಳನ್ನು ನಡುಮನೆಗೆ ಕರೆತಂದರು. ವಿನೋದ್ ಬನಿಯನ್, ಪಂಚೆಯಲ್ಲಿ ಬಂದು ಪಕ್ಕದ ಮಣೆಯ ಮೇಲೆ ಕುಳಿತ. ಅವನ ಹುಡುಗರು ಮೊಬೈಲು ಎತ್ತಿ ಹಿಡಿದಿದ್ದರು.

"ಏನ್ ಮೇಡಂ, ಬಸ್ ಸ್ಟ್ಯಾಂಡಿನಾಗೆ ಬ್ಯಾಗ್ ಹಿಡಿದ್ರೆ ಉರಿದು ಬೀಳ್ತಿದ್ರಿ" ಎಂದು ಅವಳ ಎಡ ಮುಂಗೈ ಹಿಡಿದ. "ಈಗ ಕೈನೇ ಹಿಡಿದೀನಲ್ಲ, ಏನ್ ಮಾಡ್ತೀರಿ?"

ಕಾವ್ಯ ಬಲಗೈಯನ್ನು ನೆರಿಗೆಗೆ ಹಾಕಿದಳು. ಚಾಕು ಬಂತು. ಹೆಬ್ಬೆಟ್ಟು ಗುಂಡಿಯ ಮೇಲೆ ಬಿತ್ತು, ಹೊರಗೆ ತಳ್ಳಿದಳು. ಜಾರಿತು. ಎಣ್ಣೆ, ಅರಿಶಿನ. ಮತ್ತೆ ತಳ್ಳಿದಳು. ಅಲಗು ಅರ್ಧ ಎದ್ದು ಮತ್ತೆ ಹಿಡಿಯೊಳಗೆ ಕೂತಿತು.

ಒಂದು ಗಳಿಗೆ ಬೆಚ್ಚಿ ಕೈ ಬಿಟ್ಟಿದ್ದ ವಿನೋದ್ ಗಹಗಹಿಸಿ ನಕ್ಕ. "ನೋಡ್ರಲೇ ನೋಡ್ರಲೇ! ದುರ್ಗದ ಓಬವ್ವ! ವಿಡಿಯೋ ಮಾಡಲೇ! ಯಾರಾದ್ರೂ ಒನಕೆ ಕೊಡ್ರಲೇ ಇವಳಿಗೆ, ಚಾಕು ಬಿಚ್ಚಾಕೆ ಬರಲ್ಲ!"

ಹುಡುಗರು ನಕ್ಕರು. ಹೆಂಗಸರಲ್ಲೂ ಕೆಲವರು ನಕ್ಕರು. ಕಾವ್ಯ ಮಣೆಯಿಂದ ಎದ್ದು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟಳು. ತಾಯಿ ಅಷ್ಟರಲ್ಲಿ ಹೆಂಗಸರನ್ನು ನೂಕಿ ಅಲ್ಲಿಗೆ ಬಂದಿದ್ದಳು. ಬೀದಿಬಾಗಿಲ ಹತ್ತಿರ ನಿಂತಿದ್ದ ಕಲ್ಲೇಶ್ ಪಂಚೆ ಮೇಲೆ ಕಟ್ಟಿಕೊಳ್ಳುತ್ತ ಬರುತ್ತಿದ್ದ.

ಮೂರನೆಯ ಸಲ ಜಾರಿತು.

ಕಾವ್ಯ ತಾಯಿಯ ಕಡೆ ಕೈ ಚಾಚಿದಳು. ಕೆಳಗಿಡಲು ಹೊತ್ತಿರಲಿಲ್ಲ. ಕೆಳಗಿಟ್ಟರೆ ಯಾರ ಕೈಗೆ ಹೋಗುತ್ತದೋ.

ದಾಕ್ಷಾಯಿಣಿಯ ಕೈ ಅಭ್ಯಾಸಬಲದಿಂದ ಹಿಂದೆ ಸರಿಯಿತು. ಹುಟ್ಟಿದಾಗಿನಿಂದ ಯಾರ ಕೈಯಿಂದಲೂ ಅವಳು ಚಾಕು ತಗೊಂಡವಳಲ್ಲ. ಜಗಳ ಹತ್ತುತ್ತದೆ. ಕಲ್ಲೇಶ್ ಎರಡು ಮಾರು ದೂರದಲ್ಲಿದ್ದ.

ಹತ್ತಲಿ ಎಂದುಕೊಂಡಳು. ಮಗಳ ಕೈಯಿಂದ ಚಾಕು ಕಿತ್ತುಕೊಂಡಳು.

ಅವಳ ಕೈಗೆ ಅರಿಶಿನ ಹಚ್ಚಿರಲಿಲ್ಲ. ದಾಳಿಂಬೆ ಸಿಪ್ಪೆಯ ಕರೆ ಹಿಡಿದು ಕಪ್ಪಾದ ಹೆಬ್ಬೆಟ್ಟಿನ ಉಗುರನ್ನು ಅಲಗಿನ ಗೀರಿಗೆ ಸಿಗಿಸಿದಳು. ಎರಡು ಕೈ ಕೆಲಸ, ಮಾವಿನಕಾಯಿ ಹೆಚ್ಚುವವರ ಕೆಲಸ. ಉಗುರು ಬುಡದಿಂದ ಎದ್ದ ಹಾಗಾಯಿತು. ಎಳೆದಳು.

ಟಕ್.

ಕಲ್ಲೇಶ್ ನಿಂತ. ದಾಕ್ಷಾಯಿಣಿಯ ತೋರುಬೆರಳು ತಾನಾಗಿಯೇ ಅಲಗಿನ ಬೆನ್ನ ಮೇಲೆ ಹೋಗಿತ್ತು. ಹಿತ್ತಲಿನ ಕಡ್ಡಿ ಏಟು ನೆನಪಾಗಿ ಅದನ್ನು ಕೆಳಗಿಳಿಸಿದಳು. ಮುಷ್ಟಿ ಕಟ್ಟಿದಳು. ಮೇಲೆ ಹೆಬ್ಬೆಟ್ಟು. ಮೊಣಕೈ ಪಕ್ಕೆಗೆ. ಎಡಗೈಯಿಂದ ಮಗಳನ್ನು ಬೆನ್ನ ಹಿಂದೆ ಒತ್ತಿಕೊಂಡಳು. ಗೋಡೆಗುಂಟ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

"ಕೊಡು ಇಲ್ಲಿ" ಅಂದ ಕಲ್ಲೇಶ್, ಅಂಗೈ ಚಾಚಿ.

ಅವಳು ಇನ್ನೊಂದು ಹೆಜ್ಜೆ ಇಟ್ಟಳು.

"ಹುಚ್ಚು ಹಿಡಿದೈತೇನೆ? ಕೆಳಗಿಡು ಅದನ್ನ. ಕೆಳಗಿಡೇ!"

"ಯಾಕೆ ಭಾವ, ಜಗಳ ಹತ್ತತತೆ ಅಂತಲಾ?" ಅಂದಳು ದಾಕ್ಷಾಯಿಣಿ. ತನ್ನ ದನಿ ಇಷ್ಟು ನಿಧಾನ ಇರಬಹುದೆಂದು ಅವಳಿಗೆ ಗೊತ್ತಿರಲಿಲ್ಲ. "ಕೆಳಗಿಡಲ್ಲ. ಬರ್ರಿ ಹತ್ರ. ಕೈಗೇ ಕೊಡ್ಲಾ?"

ಚಾಚಿದ ಅಂಗೈ ಮಡಚಿಕೊಂಡಿತು. ಕಲ್ಲೇಶ್ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಪಂಚೆಗೆ ಒರೆಸಿದ.

ನಗುತ್ತಿದ್ದ ಹುಡುಗರೆದುರು ವಿನೋದನಿಗೆ ಅದನ್ನು ಸಹಿಸಲಾಗಲಿಲ್ಲ. "ಏ ಬಿಡ್ರಿ ಭಾವ, ದಾಳಿಂಬೆ ಒರೆಸೋ ಮುಂಡೆಗೆ ಹೆದರ್ತೀರಾ" ಎಂದು ಪಕ್ಕದಿಂದ ನುಗ್ಗಿ ಅವಳ ಮುಷ್ಟಿಗೆ ಕೈ ಹಾಕಿದ. ಅವಳು ಚಾಚಲಿಲ್ಲ, ತಿವಿಯಲಿಲ್ಲ. ಮೊಣಕೈಯನ್ನು ಪಕ್ಕೆಗೆ ಇನ್ನೂ ಬಿಗಿಯಾಗಿ ಒತ್ತಿ ಹಿಂದಕ್ಕೆ ಎಳೆದುಕೊಂಡಳು, ಅಷ್ಟೇ. ಅವನ ಕೈಗೆ ಸಿಕ್ಕಿದ್ದು ಅಲಗು. ಎಳೆಯುವಾಗ ಅದು ಅವನ ಅರಿಶಿನದ ಅಂಗೈಯನ್ನು ಉದ್ದಕ್ಕೂ ಸೀಳಿಕೊಂಡು ಬಂತು.

"ಅಯ್ಯಯ್ಯೋ ಕೈ! ಕುಯ್ದುಬಿಟ್ಲು! ಇಡ್ಕಳ್ರಲೇ ಇವಳನ್ನ!"

ಯಾರೂ ಹಿಡಿಯಲು ಬರಲಿಲ್ಲ. ಲಾರಿಯ ಹುಡುಗರು ಮೊಬೈಲು ಕೆಳಗಿಳಿಸಿ ಒಬ್ಬರ ಮುಖ ಒಬ್ಬರು ನೋಡಿದರು. ಹಸೆಮಣೆಯ ಮೇಲೆ ರಕ್ತ ತೊಟ್ಟಿಕ್ಕಿ ಅರಿಶಿನದಲ್ಲಿ ಹರಡಿತು. ಮರುಳಸಿದ್ದಮ್ಮ ಎದೆ ಬಡಿದುಕೊಂಡಳು. "ಹಸೆ ಮೇಲೆ ರಕ್ತ ಬಿತ್ತಲ್ರೋ! ಹಾಳಾಗೋಗ್ರೋ! ಕೈಯಿಂದ ಕೈಗೆ ಕೊಟ್ರಲ್ರೋ ಅವರು, ಕಣ್ಣಾರೆ ನೋಡಿದೆ ನಾನು!"

ದಾಕ್ಷಾಯಿಣಿ ಬಾಗಿಲಿಗೆ ತಲುಪಿದಳು. ಕಾವ್ಯ ಬೆನ್ನ ಹಿಂದಿನಿಂದ ಅಗುಳಿ ಎಳೆದಳು. ಬಿಸಿಲು ಒಳಗೆ ಬಿತ್ತು.

"ಏ ಹುಡುಗಿ!" ಮುದುಕಿ ಕೂಗಿದಳು. ಕೋಪದ ನಡುವೆಯೂ ಅವಳ ದನಿಯಲ್ಲಿ ನಿಜವಾದ ಭಯವಿತ್ತು. "ಅರಿಶಿನದ ಮೈಯಾಗೆ ಹೊಸ್ತಿಲು ದಾಟಬೇಡ ಕಣೆ! ಕೆಟ್ಟೋಗ್ತೀಯ!"

"ಕಬ್ಬಿಣ ಐತಲ್ಲ ಅಜ್ಜಿ" ಅಂದಳು ಕಾವ್ಯ. ದಾಟಿದಳು.

ಬೀದಿಯಲ್ಲಿ ಓಡಲಿಲ್ಲ. ಓಡಿದರೆ ಬೆನ್ನು ತೋರಿಸಬೇಕಾಗುತ್ತಿತ್ತು. ಅರ್ಧ ದಾರಿ ದಾಕ್ಷಾಯಿಣಿ ಹಿಂದಕ್ಕೆ ಮುಖ ಮಾಡಿಯೇ ನಡೆದಳು. ಜಗಲಿಗಳ ಮೇಲೆ ಜನ ಎದ್ದು ನಿಂತರು. "ಏನವ್ವಾ ಇದು, ಮದುಮಗಳನ್ನ ಎಲ್ಲಿಗೆ ಕರ್ಕಂಡು ಹೊಂಟೆ?" ಎಂದೊಬ್ಬ ಕೇಳಿದ. "ನೀನು ಬರ್ತೀಯಾ?" ಎಂದಳು ಅವಳು. ಅವನು ಕುಳಿತ. ಕಲ್ಲೇಶ್ ಚಪ್ಪರದ ಕೆಳಗೆ ನಿಂತು, "ಜೈಲಿಗೆ ಹೋಗ್ತೀಯ, ಜೈಲಿಗೆ! ಚಾಕು ಹಾಕಿದೀಯ ನೀನು!" ಎಂದು ಕೂಗುತ್ತಿದ್ದ. ಚಪ್ಪರ ದಾಟಿ ಬರಲಿಲ್ಲ.

ಹೊಳಲ್ಕೆರೆಯ ಕಡೆ ಹೋಗುವ ಕೆಂಪು ಬಸ್ಸು ಬಂತು. ಹತ್ತಿದರು. ಮುಖ, ತೋಳು ಹಳದಿಯಾದ ಹುಡುಗಿಯನ್ನು ಕಂಡು ಮುಂದಿನ ಸೀಟಿನ ಹೆಂಗಸು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ದಾಕ್ಷಾಯಿಣಿ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

"ಎಲ್ಲಿಗ್ರಿ?"

"ಹೊಳಲ್ಕೆರೆ ಪೊಲೀಸ್ ಸ್ಟೇಷನ್."

"ಅಲ್ಲಿ ಸ್ಟಾಪ್ ಇಲ್ಲ. ಬಸ್ ಸ್ಟ್ಯಾಂಡಿಗೆ ಕೊಡ್ತೀನಿ. ಆಧಾರ್ ಕಾರ್ಡ್ ತೋರ್ಸ್ರಿ."

"ಕಸ್ಕಂಡವ್ರೆ" ಅಂದಳು ಕಾವ್ಯ. "ಅದ್ರಾಗೆ ನನ್ನ ವಯಸ್ಸು ಐತಲ್ಲ, ಅದಕ್ಕೆ."

ಕಂಡಕ್ಟರು ಅವಳನ್ನೂ ಅವಳ ತಾಯಿಯ ಸೆರಗಿನ ಮೇಲಿನ ಕಲೆಯನ್ನೂ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಎರಡು ಚೀಟಿ ಹರಿದು ಸೀಟಿನ ಮೇಲಿಟ್ಟು ಹಿಂದಕ್ಕೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಡ್ರೈವರಿನ ಕಡೆಗೆ ಹೋಗಿ ಕಿವಿಯಲ್ಲಿ ಏನೋ ಹೇಳಿದ. ಸ್ಟೇಷನ್ ಮುಂದೆ ನಿಲ್ಲಿಸು ಅಂದನೋ, ಇವರನ್ನು ದಾರಿಯಲ್ಲೇ ಇಳಿಸಿಬಿಡು ಅಂದನೋ, ಗೊತ್ತಾಗಲಿಲ್ಲ.

ದಾಕ್ಷಾಯಿಣಿ ಸೆರಗಿನೊಳಗೆ ಅಲಗನ್ನು ಮಡಚಲು ನೋಡಿದಳು. ಮಡಚಲಾಗಲಿಲ್ಲ. ಒತ್ತಿದಳು, ತಿರುಗಿಸಿದಳು. ಬಿಚ್ಚುವುದನ್ನೂ ಹಿಡಿಯುವುದನ್ನೂ ಕಿವಿಯಿಂದಲೇ ಕಲಿತಿದ್ದಳು. ಮುಚ್ಚುವಾಗ ಸದ್ದು ಬರುವುದಿಲ್ಲ. ಅದನ್ನು ಕಲಿತಿರಲಿಲ್ಲ.

"ಬೆರಳು ತೆಗಿಯಮ್ಮ, ಅಲ್ಲೇ ಮಡಚಿಕಳದು" ಅಂದಳು ಕಾವ್ಯ ಮೆಲ್ಲಗೆ. "ಒಳಗೊಂದು ತಗಡು ಐತೆ ನೋಡು. ಅದನ್ನ ಪಕ್ಕಕ್ಕೆ ಒತ್ತು. ಕೊಡು, ನಾನು ಮಡಚ್ತೀನಿ."

ಕಾವ್ಯ ಸೀಟಿನ ಮೇಲೆ ಖಾಲಿ ಜಾಗ ತೋರಿಸಿದಳು, ಇಡಲೆಂದು.

ದಾಕ್ಷಾಯಿಣಿ ಇಡಲಿಲ್ಲ. ಹಿಡಿಯನ್ನು ಮಗಳ ಕಡೆಗೆ ಮಾಡಿ ಕೈಗೇ ಕೊಟ್ಟಳು. ಆಮೇಲೆ, "ನಿಧಾನಕ್ಕೆ ಮಡಚು. ನನಗೂ ಕಾಣಲಿ" ಅಂದಳು.